ದ್ರೌಪದಿ ಪಾರ್ಟಿನಿಂದ ಭಾನುವಾರದ ಕ್ಲಾಸಿನವರೆಗೆ

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇಪ್ಪತ್ತು ವರ್ಷ ದ್ರೌಪದಿ ಪಾರ್ಟು ಮಾಡಿದ್ದೇನೆ. ಗುಬ್ಬಿ, ಕುಣಿಗಲ್, ತುರುವೇಕೆರೆ ಕಡೆ ಜಾತ್ರೆ ಬಂತೆಂದರೆ ಕುರುಕ್ಷೇತ್ರ ನಾಟಕ ಆಡುವ ಊರುಗಳು ತುಂಬಾ. ಭೀಮ, ಶಕುನಿ, ದುರ್ಯೋಧನ ಎಲ್ಲ ಊರಿನ ಗಂಡಸರೇ. ಹೆಣ್ಣು ಪಾರ್ಟಿಗೆ ಮಾತ್ರ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ಊರಿನವರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲಿತಿರುತ್ತಾರೆ. ನಾವು ನಾಟಕದ ದಿನ ಸಂಜೆ ಬಸ್ಸಿಳಿಯುತ್ತೇವೆ.

ಶುರುವಿನಲ್ಲಿ ನನ್ನ ಮಾತಷ್ಟೇ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ಒಂದು ಊರಲ್ಲಿ ಭೀಮ ಎರಡು ಸಾಲು ಹಾರಿಸಿಬಿಟ್ಟರು. ನಾನು ಆ ಸಾಲಿಗೇ ಕಾಯುತ್ತಾ ಕಂಬದ ಹಾಗೆ ನಿಂತೆ. ಜನ ಶಿಳ್ಳೆ ಹಾಕಿದರು. ಅವತ್ತಿನಿಂದ ಬಣ್ಣ ಹಚ್ಚುವ ಮೊದಲು ಮೇಷ್ಟ್ರ ಪಕ್ಕ ಕೂತು, ಯಾರು ಯಾವ ಶ್ರುತಿಯಲ್ಲಿ ಹಾಡುತ್ತಾರೆ, ಎಲ್ಲಿ ಉಸಿರು ತಗೊಳ್ಳುತ್ತಾರೆ ಅಂತ ಕೇಳಿಕೊಳ್ಳುತ್ತಿದ್ದೆ.

ಇನ್ನೊಂದು ರಾತ್ರಿ ಮರೆಯೋಕಾಗಲ್ಲ. ಸೀರೆ ಎಳೆಯುವ ಸೀನು. ದುಶ್ಶಾಸನ ಒಬ್ಬ ರೈತರು. ಸೆರಗು ಹಿಡಿದವರು ಮೈಕಿಗೆ ಕೇಳದ ಹಾಗೆ, "ತಪ್ಪು ತಿಳ್ಕೋಬೇಡಮ್ಮ" ಅಂದರು. ಕೈ ನಡುಗುತ್ತಿತ್ತು. ಆ ನಡುಕ ನನಗೂ ಹತ್ತಿತು. ಅವತ್ತು ನಾನು ಕೂಗಿದ 'ಕೃಷ್ಣಾ' ನಾನು ಕಲಿತು ಬಂದದ್ದಲ್ಲ.

ಈಗ ತುಮಕೂರಿನ ಮನೆಯ ಮಹಡಿ ಮೇಲೆ ಭಾನುವಾರ ಹೆಣ್ಣುಮಕ್ಕಳಿಗೆ ನಟನೆ ಹೇಳಿಕೊಡುತ್ತೇನೆ. ಮೊದಲ ತಿಂಗಳು ಪುಸ್ತಕ ಮುಟ್ಟಿಸುವುದಿಲ್ಲ. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸುತ್ತೇನೆ. ಒಬ್ಬಳು ಒಂದು ಮಾತು ಹೇಳಬೇಕು. ಇನ್ನೊಬ್ಬಳು ಅದನ್ನು ಪೂರ್ತಿ ಕೇಳಿ, ತಿರುಗಿ ಹೇಳಿ, ಆಮೇಲೆ ಉತ್ತರ ಕೊಡಬೇಕು. ಪೂರ್ತಿ ಅನ್ನುವುದೇ ಕಷ್ಟ. ನಮ್ಮ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ? "ನಾನು ನಿನ್ನ ಜೊತೆ ಅರಮನೆಗೆ..." ಅಂದಾಗ ಬರುತ್ತೇನೆ ಅಂತಾಳೋ, ಬರುವುದಿಲ್ಲ ಅಂತಾಳೋ ಇನ್ನೂ ಗೊತ್ತಿಲ್ಲ. ಅಷ್ಟರಲ್ಲೇ ಮುಖ ಸಿಂಡರಿಸಿದರೆ ಅದು ಬಾಯಿಪಾಠದ ಸಿಟ್ಟು. ಮಾತಾಡುವವಳಿಗೂ ಇದೇ ಲೆಕ್ಕ. ಜಾಸ್ತಿ ಜನ ಸಾಲಿನ ಕೊನೆಗೆ ಉಸಿರು ಸಾಲದೆ ದನಿ ಇಳಿಸಿಬಿಡುತ್ತಾರೆ. ಹಿಂದಿನ ಸಾಲಿನವರಿಗೆ ಅರಮನೆ ಕೇಳಿಸುತ್ತದೆ, ಹೋದಳೋ ಇಲ್ಲವೋ ಕೇಳಿಸಲ್ಲ. ಅದಕ್ಕೇ ಕೊನೆಯ ಪದದಿಂದ ಹಿಂದಕ್ಕೆ ಅಭ್ಯಾಸ ಮಾಡಿಸುತ್ತೇನೆ. ಮೊದಲು 'ಬರುವುದಿಲ್ಲ', ಆಮೇಲೆ 'ಅರಮನೆಗೆ ಬರುವುದಿಲ್ಲ', ಹೀಗೆ.

ನಾಟಕ ಅಂದರೆ ಈಗಲೂ ಕೆಲವು ಅಪ್ಪ ಅಮ್ಮ ಹಿಂಜರಿಯುತ್ತಾರೆ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು. ಆ ಕಂಪನಿಯ ನಟಿ ಬಿ. ಜಯಮ್ಮನವರ ಬಗ್ಗೆ ಹೇಳುತ್ತೇನೆ. ಆ ಕಂಪನಿ ನಡೆಸಿದ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ ಬಂದದ್ದನ್ನು ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ.

ಈ ವರ್ಷ ಒಂದು ಊರಿನ ನಾಟಕದಲ್ಲಿ ದ್ರೌಪದಿ ನನ್ನ ಹತ್ತಿರ ಕಲಿತ ಹುಡುಗಿ, ಅದೇ ಊರಿನವಳು. ಗಂಡಸರ ಜೊತೆಗೇ ಮೂರು ತಿಂಗಳು ಪ್ರಾಕ್ಟೀಸ್ ಮಾಡಿದ್ದಳು. ದುಶ್ಶಾಸನ ಅವಳ ಚಿಕ್ಕಪ್ಪ. ಸಭೆಯ ಸೀನಿನಲ್ಲಿ ಅವರು ಮಾತು ಮರೆತರು. ಅವಳು ಕಾಯಲಿಲ್ಲ. ಅವರ ಮುಖವನ್ನೇ ನೋಡುತ್ತಾ ಒಂದು ಹೆಜ್ಜೆ ಹಿಂದೆ ಸರಿದಳು. ಅವರಿಗೆ ಮಾತು ನೆನಪಾಯಿತು. ನಾನು ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕೂತಿದ್ದೆ.