ಎತ್ತುವ ಮುಂಚೆ ಕಲ್ಲಿನ ತೂಕ ತಿಳಿಯಿರಿ

ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರಕ್ಕೂ ಬೇಲಿಗೂ ಕಲ್ಲು ಕೂಚವೇ, ಅಂದರೆ ನೆಡುವ ಕಲ್ಲುಕಂಬವೇ, ಆಧಾರ. ಹೋದ ಬೇಸಿಗೆಯಲ್ಲಿ ಹನ್ನೆರಡು ಕೂಚ ಹೇರಿಕೊಂಡು ನಮ್ಮ ತೋಟಕ್ಕೆ ಹೊರಟ ಸಣ್ಣ ಗಾಡಿ ಭಾರ ತಾಳದೆ ದಾರಿಯಲ್ಲೇ ಕೂತುಬಿಟ್ಟಿತು. ತೂಕ ಎಷ್ಟೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ಅದಕ್ಕೆ ತಕ್ಕಡಿ ಬೇಡ, ಒಂದು ಟೇಪು ಸಾಕು.

ಮೊದಲು ಗಾತ್ರ. ಕೂಚ 7 ಅಡಿ ಉದ್ದ, ಅಗಲ ದಪ್ಪ ಎರಡೂ 5 ಇಂಚು ಅನ್ನಿ. ಐದೈದಲ ಇಪ್ಪತ್ತೈದು. ಒಂದು ಚದರ ಅಡಿಗೆ 144 ಚದರ ಇಂಚು. ಹಾಗಾಗಿ 25ನ್ನು 144ರಿಂದ ಭಾಗಿಸಿ, ಬಂದದ್ದನ್ನು 7ರಿಂದ ಗುಣಿಸಿ. ಸುಮಾರು 1.2 ಘನ ಅಡಿ.

ಇನ್ನು ಸಾಂದ್ರತೆ. ಒಂದು ಘನ ಅಡಿ ಜಾಗದಲ್ಲಿ 28.3 ಲೀಟರ್ ನೀರು ಹಿಡಿಯುತ್ತದೆ, ಅದರ ತೂಕವೂ 28.3 ಕೆ.ಜಿ. ಕೂಚದ ಕಲ್ಲು, ಅಂದರೆ ಗ್ರಾನೈಟ್, ನೀರಿಗಿಂತ ಸುಮಾರು 2.7 ಪಟ್ಟು ಭಾರ. ಗುಣಿಸಿದರೆ 76; ಬಾಯಿಲೆಕ್ಕಕ್ಕೆ 75 ಇಟ್ಟುಕೊಳ್ಳಿ. 1.2ನ್ನು 75ರಿಂದ ಗುಣಿಸಿದರೆ ಒಂದು ಕೂಚಕ್ಕೆ 90 ಕೆ.ಜಿ. ಹನ್ನೆರಡಕ್ಕೆ ಒಂದು ಟನ್ ದಾಟುತ್ತದೆ. ಮುಕ್ಕಾಲು ಟನ್ ಹೊರುವ ಆ ಗಾಡಿಗೆ ಎಂಟಕ್ಕೇ ನಿಲ್ಲಿಸಬೇಕಿತ್ತು.

ಚಪ್ಪಡಿಗೂ ಇದೇ ಲೆಕ್ಕ. ಆದರೆ ಇಲ್ಲಿ ಮೋಸ ಹೋಗುವುದು ದಪ್ಪದಲ್ಲಿ. 6 ಅಡಿ ಉದ್ದ, 2 ಅಡಿ ಅಗಲದ ಚಪ್ಪಡಿ 3 ಇಂಚು ದಪ್ಪ ಇದ್ದರೆ 3 ಘನ ಅಡಿ, ಅಂದರೆ 225 ಕೆ.ಜಿ. ಅದೇ 4 ಇಂಚಾದರೆ 300 ಕೆ.ಜಿ! ಒಂದೇ ಇಂಚಿಗೆ ಒಬ್ಬ ದಪ್ಪ ಆಳಿನಷ್ಟು ಭಾರ ಏರಿತು. ಉಳಿಯಿಂದ ಸೀಳಿದ ಕಲ್ಲು ಒಂದು ತುದಿಯಲ್ಲಿ ತೆಳು, ಇನ್ನೊಂದರಲ್ಲಿ ದಪ್ಪ ಇರುವುದೇ ಹೆಚ್ಚು. ಎರಡು ತುದಿ, ನಡುವೆ ಒಂದು ಕಡೆ ಅಳೆದು ಸರಾಸರಿ ಹಿಡಿಯಿರಿ. ಕೈ ಹಚ್ಚುವವರ ಬೆರಳು, ಸೊಂಟದ ಮಾತು ಇದು. ಅನುಮಾನವಿದ್ದರೆ ಹೆಚ್ಚಿನ ಅಳತೆಯನ್ನೇ ನಂಬಿ.

ಕಲ್ಲಲ್ಲದಿದ್ದರೆ ಸಂಖ್ಯೆ ಬದಲಿಸಿದರಾಯಿತು: ಘನ ಅಡಿಗೆ ಕಾಂಕ್ರೀಟ್ ಸುಮಾರು 68 ಕೆ.ಜಿ, ಒಣ ಮರಳು 45, ಕಬ್ಬಿಣ 220. ಕೋಲಾರದ ಗಣಿಗಳು ಕೊಟ್ಟ ಚಿನ್ನವಾದರೆ 545ರ ಹತ್ತಿರ.

ಒರಳಿನ ಗುಂಡುಕಲ್ಲಿಗೆ ಟೇಪು ಹಿಡಿಯಲಾಗದು. ಅಗಲ ಬೋಗುಣಿಯಲ್ಲಿ ಬಕೆಟ್ ಇಟ್ಟು ಕಂಠಪೂರ್ತಿ ನೀರು ತುಂಬಿ, ಗುಂಡನ್ನು ಹಗ್ಗ ಕಟ್ಟಿ ನಿಧಾನವಾಗಿ ಪೂರ್ತಿ ಮುಳುಗಿಸಿ. ಬೋಗುಣಿಗೆ ಚೆಲ್ಲಿದ ನೀರನ್ನು ಲೀಟರ್ ಅಳತೆಯಲ್ಲಿ ಅಳೆದು 2.7ರಿಂದ ಗುಣಿಸಿ. 4 ಲೀಟರ್ ಚೆಲ್ಲಿದರೆ ಗುಂಡು 11 ಕೆ.ಜಿ.ಯ ಆಸುಪಾಸು. ಇದನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು ತಾಳೆ ನೋಡಬಹುದು, ಮಕ್ಕಳ ಕೈಲೇ ಮಾಡಿಸಿ.