ಅಲೆವೂರಿನ ಕಡೆ ಜಾಗ ಬೇಕಾದರೆ ಮೊದಲು ಒಳ್ಳೆಯ ಬ್ರೋಕರನ್ನು ಹುಡುಕಿ

ಉಡುಪಿ, ಮಣಿಪಾಲದ ಆಸುಪಾಸಿನಲ್ಲಿ ಮನೆ ಕಟ್ಟಲು ಹತ್ತು ಸೆಂಟ್ಸ್ (ನೂರು ಸೆಂಟ್ಸ್ ಎಂದರೆ ಒಂದು ಎಕರೆ) ಜಾಗ ಹುಡುಕುವವರ ಬಾಯಲ್ಲಿ ಈಗ ಅಲೆವೂರು, 80 ಬಡಗಬೆಟ್ಟು, ಪೆರಂಪಳ್ಳಿ, ಹೆರ್ಗ ಇವೇ ಹೆಸರು. ಮಣಿಪಾಲದ ಆಸ್ಪತ್ರೆ, ಕಾಲೇಜು ಹತ್ತಿರ, ಇಂದ್ರಾಳಿ ರೈಲು ನಿಲ್ದಾಣವೂ ದೂರವಲ್ಲ. ಇಷ್ಟಿದ್ದೂ ಬೆಳಿಗ್ಗೆ ಬಾಗಿಲು ತೆಗೆದರೆ ತೋಟ, ಗದ್ದೆ, ನವಿಲಿನ ಕೂಗು. ಇಂಥ ಕಡೆ ಬ್ರೋಕರ್‌ಗಳಿಗೆ ಬರವಿಲ್ಲ. ರಿಕ್ಷಾ ಓಡಿಸುವವರು, ಸೆಂಟ್ರಿಂಗ್ ಕಂಟ್ರಾಕ್ಟರು, ಇನ್ಶೂರೆನ್ಸ್ ಏಜೆಂಟರು, ಪೇಟೆಯಲ್ಲಿ ಎಸಿ ಆಫೀಸು ಇಟ್ಟವರು, ಎಲ್ಲರ ಹತ್ತಿರವೂ "ಒಂದು ಒಳ್ಳೆ ಜಾಗ ಉಂಟು".

ಉಡುಪಿಯಲ್ಲಿ ಕ್ರಯಪತ್ರ, ಪಾಲುಪತ್ರ, ವೀಲುನಾಮೆ ಬರೆಯುವುದು ನನ್ನ ಕಸುಬು. ಅಪ್ಪನೂ ಇದನ್ನೇ ಮಾಡುತ್ತಿದ್ದರು. ಅವರದು ಛಾಪಾ ಕಾಗದದ ಮೇಲೆ ಕೈಬರಹ, ನನ್ನದು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಟೈಪಿಂಗ್. ಮೇಜಿನ ಎದುರು ಮಾರುವವರು, ಕೊಳ್ಳುವವರು, ಮಧ್ಯೆ ಬ್ರೋಕರ್ ಕೂರುವುದು ಅಂದಿಗೂ ಇಂದಿಗೂ ಒಂದೇ. ಕಾಗದ ಬಿಚ್ಚಿ ಸ್ವಲ್ಪ ಹೊತ್ತಿನಲ್ಲೇ ಆ ಬ್ರೋಕರ್ ಎಂಥವರೆಂದು ನನಗೆ ಗೊತ್ತಾಗುತ್ತದೆ. ಆದರೆ ಅಷ್ಟು ಹೊತ್ತಿಗೆ ಕೊಳ್ಳುವವರ ಅಡ್ವಾನ್ಸ್ ಹೋಗಿ ಆಗಿರುತ್ತದೆ. ಆದ್ದರಿಂದ ಅದಕ್ಕಿಂತ ಮೊದಲು ನೋಡಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜಾಗದ ಕೊರತೆಯನ್ನು ನೀವು ಕೇಳುವ ಮೊದಲೇ ಹೇಳುವ ಬ್ರೋಕರ್ ಸಿಕ್ಕಿದರೆ ಬಿಡಬೇಡಿ. ಉಳಿದ ಗುಣಗಳೆಲ್ಲ ಅದರ ನಂತರ.

ಹುಡುಕುವುದು ಎಲ್ಲಿ? ಬೋರ್ಡು, ಮೊಬೈಲ್ ಜಾಹೀರಾತು ನೋಡಿ ಫೋನ್ ಮಾಡುವ ಮೊದಲು ಆ ಊರಿಗೇ ಹೋಗಿ. ಹಾಲಿನ ಡೈರಿಯಲ್ಲಿ, ಸೊಸೈಟಿಯಲ್ಲಿ, ಪಂಚಾಯತ್ ಕಚೇರಿಯ ಜಗಲಿಯಲ್ಲಿ, ಬಾವಿ ತೋಡುವವರ ಹತ್ತಿರ ಕೇಳಿ: "ಇಲ್ಲಿ ಜಾಗದ ವ್ಯವಹಾರ ಯಾರು ಮಾಡಿಸುತ್ತಾರೆ?" ಎರಡು ಮೂರು ಕಡೆ ಒಂದೇ ಹೆಸರು ಬಂದರೆ ಅವರನ್ನು ಕಾಣಿ. ಅವರು ಮಾಡಿಸಿಕೊಟ್ಟ ವ್ಯವಹಾರದ ಪೈಕಿ ಮೂರು ನಾಲ್ಕು ವರ್ಷ ಹಳೆಯದನ್ನು ಕೇಳಿ ಪಡೆದು, ಆ ಮನೆಯವರನ್ನು ಮಾತಾಡಿಸಿ. ಹೋದ ತಿಂಗಳು ಕೊಂಡವರು ಖುಷಿಯಲ್ಲೇ ಇರುತ್ತಾರೆ. ದಾರಿಯ ತಕರಾರು, ಗಡಿಯ ತಕರಾರು, ಬೇಸಿಗೆಯಲ್ಲಿ ಬಾವಿ ಬತ್ತುವುದು, ಇವೆಲ್ಲ ಹೊರಬರುವುದು ಮನೆ ಕಟ್ಟಲು ಶುರುಮಾಡಿದ ಮೇಲೆ.

ಮೊದಲ ಮಾತುಕತೆಯಲ್ಲೇ ಕೆಲವು ಸಣ್ಣ ಪ್ರಶ್ನೆ ಕೇಳಿ ನೋಡಬೇಕು. ಜಾಗ ನಗರಸಭೆಗೆ ಸೇರಿದ್ದೋ ಗ್ರಾಮ ಪಂಚಾಯತಿಗೋ? ಹೆರ್ಗ ನಗರಸಭೆಯೊಳಗೆ, ಅಲೆವೂರು ಪಂಚಾಯತ್. 76 ಬಡಗಬೆಟ್ಟು ನಗರಸಭೆಯೊಳಗೆ, 80 ಬಡಗಬೆಟ್ಟು ಪಂಚಾಯತ್. ಹೊರಗಿನವರಿಗೆ ಇವೆರಡು ಹೆಸರು ಒಂದೇ ಥರ ಕೇಳಿಸುತ್ತವೆ, ಕಾಗದಪತ್ರದಲ್ಲಿ ಮಾತ್ರ ದಾರಿಯೇ ಬೇರೆ. ಪಂಚಾಯತ್ ಜಾಗಕ್ಕೆ ಇ-ಸ್ವತ್ತಿನ, ಅಂದರೆ ಪಂಚಾಯತ್ ಆಸ್ತಿಗಳ ಆನ್‌ಲೈನ್ ದಾಖಲೆಯ, ನಮೂನೆ 9 ಮತ್ತು 11 ಬೇಕು, ನಮ್ಮಲ್ಲಿ ಎಲ್ಲರೂ "ನೈನ್ ಇಲೆವೆನ್" ಎನ್ನುವುದು ಅದನ್ನೇ. ಕೃಷಿ ಜಾಗವಾದರೆ ಮೊದಲು ಕನ್ವರ್ಶನ್ (ಕೃಷಿಯೇತರ ಬಳಕೆಗೆ ಭೂಪರಿವರ್ತನೆ), ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರದಿಂದ ಏಕ ನಿವೇಶನ ನಕ್ಷೆ, ಅದಾದ ಮೇಲೆ ನೈನ್ ಇಲೆವೆನ್. ಈ ಸರದಿಯನ್ನು ತಡವರಿಸದೆ ಹೇಳುವವರು ಕೆಲಸ ಬಲ್ಲವರು. "ಅದೆಲ್ಲ ಆಗ್ತದೆ, ನಾನು ಮಾಡಿಸಿ ಕೊಡ್ತೇನೆ" ಎಂದಷ್ಟೇ ಹೇಳಿದರೆ, ಯಾವ ಹಂತದವರೆಗೆ ಆಗಿದೆ, ಉಳಿದದ್ದಕ್ಕೆ ಖರ್ಚು ಯಾರದು ಎಂದು ಬಿಡಿಸಿ ಕೇಳಿ.

ಇನ್ನೊಂದು ಪ್ರಶ್ನೆ ನೀರಿನದು. ಜಾಗ ಬೈಲಿನದೋ, ಮಜಲಿನದೋ, ಬೆಟ್ಟಿನದೋ? ಬೆಟ್ಟು ಎತ್ತರದ್ದು, ಮಜಲು ನಡುಮಟ್ಟದ್ದು. ಬೈಲು ಎಂದರೆ ತಗ್ಗಿನ ಗದ್ದೆ, ಮಳೆಗಾಲದ ನೀರು ಅಲ್ಲಿಗೇ ಬರುವುದು. ಮುರ ಮಣ್ಣು ತುಂಬಿಸಿ ಎತ್ತರ ಮಾಡಿದ ಮೇಲೆ ಹೊಸಬರಿಗೆ ಗುರುತೇ ಸಿಗುವುದಿಲ್ಲ. 2020ರ ಸೆಪ್ಟೆಂಬರ್ 20ರ ನೆರೆ ಉಡುಪಿಯವರು ಮರೆಯುವಂಥದ್ದಲ್ಲ. ಆ ದಿನ ಈ ಜಾಗದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ. ಊರಿನ ಬ್ರೋಕರಾದರೆ ಯಾವ ತೋಡು ಉಕ್ಕಿತು, ಯಾರ ಅಂಗಳ ಮುಳುಗಿತು ಎಂದು ಕೈಮಾಡಿ ತೋರಿಸುತ್ತಾರೆ. ಬೇಸಿಗೆಯದ್ದನ್ನೂ ಬಿಡಬೇಡಿ: ಏಪ್ರಿಲ್ ಕೊನೆಗೆ ಪಕ್ಕದ ಮನೆಯ ಬಾವಿಯಲ್ಲಿ ನೀರು ಎಷ್ಟು? ಸ್ವರ್ಣಾ ನದಿಯ ಹಿನ್ನೀರಿನ ಬದಿಯಾದರೆ ಉಪ್ಪು ಬರುತ್ತದೆಯೇ?

ಸರ್ವೆ ನಂಬರ್ ಕೇಳಿದಾಗ ಹಲವರು ಮಾತು ಹಾರಿಸುತ್ತಾರೆ. ಅವರ ಅಂಜಿಕೆಯಲ್ಲಿ ನ್ಯಾಯ ಉಂಟು. ನಂಬರ್ ಸಿಕ್ಕಿದರೆ ಪಾರ್ಟಿ ನೇರ ಯಜಮಾನರ ಮನೆಗೆ ಹೋಗಿ ಬ್ರೋಕರನ್ನು ಬಿಟ್ಟು ವ್ಯವಹಾರ ಮುಗಿಸುವುದು ನಾನು ನೋಡದ ಸಂಗತಿಯಲ್ಲ, ಅದು ಅನ್ಯಾಯವೇ. ಹಾಗಾಗಿ ನೀವೇ ಮುಂದಾಗಿ ಒಂದು ಬಿಳಿ ಕಾಗದದಲ್ಲಿ ಬರೆದುಕೊಡಿ: ಈ ಜಾಗ ಇವರು ತೋರಿಸಿದ್ದು, ವ್ಯವಹಾರ ಆದರೆ ಇಷ್ಟು ಕಮಿಷನ್ ಕೊಡುತ್ತೇನೆ, ತಾರೀಕು, ಸಹಿ. ಇದರ ನಂತರವೂ ನಂಬರ್ ಕೊಡದವರನ್ನು ಬಿಟ್ಟುಬಿಡಿ. ಕೊಟ್ಟರೆ ಸರ್ಕಾರದ ಭೂಮಿ ಜಾಲತಾಣದಲ್ಲಿ ಆರ್‌ಟಿಸಿ, ಅಂದರೆ ಪಹಣಿ, ತೆಗೆಯಿರಿ. 9ನೇ ಕಾಲಂನಲ್ಲಿ ಯಾರ ಯಾರ ಹೆಸರಿದೆ, 11ರಲ್ಲಿ ಸಾಲವೋ ಕೋರ್ಟಿನ ಆದೇಶವೋ ಇದೆಯೇ ನೋಡಿ. ಜಾಗದ ಮೇಲೆ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತಿರುವ ಸರ್ವೆ ನಂಬರ್ ತೋರಿಸುತ್ತದೆ. ಅದು ಗಡಿಗೆ ಸಾಕ್ಷಿಯಾಗುವುದಿಲ್ಲ, ಅಳತೆಗೆ ಸರ್ವೆಯವರೇ ಬೇಕು. ಆದರೆ ಒಂದು ನಂಬರ್ ಹೇಳಿ ಬೇರೆಯ ಜಾಗ ತೋರಿಸುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಬ್ರೋಕರ್‌ನ ಪ್ರಾಮಾಣಿಕತೆ ಪರೀಕ್ಷೆಗೆ ಬರುವುದು ಕುಮ್ಕಿಯ ವಿಷಯದಲ್ಲಿ. ತೆಂಗಿನ ಮರಗಳಿರುವ ಚಂದದ ಜಾಗ, ಸುತ್ತ ಮುರಕಲ್ಲಿನ ಕಂಪೌಂಡ್, "ಹದಿನೆಂಟು ಸೆಂಟ್ಸ್ ಉಂಟು" ಎನ್ನುತ್ತಾರೆ. ಆರ್‌ಟಿಸಿ ತೆಗೆದರೆ ಹತ್ತೇ ಸೆಂಟ್ಸ್. ಉಳಿದ ಎಂಟು ಕುಮ್ಕಿ. ಕುಮ್ಕಿ ಎಂದರೆ ವರ್ಗ ಜಾಗದ (ಹಿಂದಿನಿಂದ ಬಂದ ಪಟ್ಟಾ ಜಾಗದ) ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗ. ವರ್ಗದವರಿಗೆ ಅಲ್ಲಿಂದ ಸೊಪ್ಪು, ಹುಲ್ಲು, ಕಟ್ಟಿಗೆ ತರುವ ಸವಲತ್ತು ಇದೆಯೇ ಹೊರತು ಮಾರುವ ಹಕ್ಕಿಲ್ಲ. ಕ್ರಯಪತ್ರದಲ್ಲಿ ನಾನು ಬರೆಯಬಹುದಾದದ್ದು ಹತ್ತು ಸೆಂಟ್ಸ್ ಮಾತ್ರ. ಆದರೆ ಹಣ ಹದಿನೆಂಟಕ್ಕೆ ಮಾತಾಗಿರುತ್ತದೆ. ಒಳ್ಳೆಯ ಬ್ರೋಕರ್ ಜಾಗ ತೋರಿಸುವಾಗಲೇ "ಆ ಗೋಳಿಮರದಿಂದ ಆಚೆಗೆ ಕುಮ್ಕಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ" ಎಂದುಬಿಡುತ್ತಾರೆ.

ಜಾಗದ ಮೂಲವೂ ಹಾಗೆಯೇ. ವರ್ಗವೋ, ಮೂಲಗೇಣಿಯೋ (ಶಾಶ್ವತ ಗೇಣಿ), ಡಿಕ್ಲರೇಶನ್ನೋ, ದರ್ಖಾಸ್ತೋ (ಅರ್ಜಿ ಕೊಟ್ಟು ಸರ್ಕಾರದಿಂದ ಮಂಜೂರಾದದ್ದು), ಅಕ್ರಮ ಸಕ್ರಮದಲ್ಲಿ (ಒತ್ತುವರಿ ಮಾಡಿದ ಸರ್ಕಾರಿ ಜಾಗ ಸಕ್ರಮವಾಗಿ) ಬಂದದ್ದೋ? ಡಿಕ್ಲರೇಶನ್ ಎಂದರೆ 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಾಗ. ಹಲವು ಮನೆಗಳಲ್ಲಿ ಅರ್ಜಿ ಕೊಟ್ಟದ್ದು ಹಿರಿಯಣ್ಣ, ಆದರೆ ಗೇಣಿ ಇಡೀ ಕುಟುಂಬದ್ದು. ಆರ್‌ಟಿಸಿಯಲ್ಲಿ ಒಂದೇ ಹೆಸರು ನೋಡಿ ಕೊಂಡ ಮೇಲೆ ತಮ್ಮಂದಿರು, ಅಕ್ಕತಂಗಿಯರ ಮಕ್ಕಳು ಪಾಲು ಕೇಳಿ ಬರುತ್ತಾರೆ. ಸರ್ಕಾರ ಮಂಜೂರು ಮಾಡಿದ ಜಾಗಕ್ಕೆ ಇಷ್ಟು ವರ್ಷ ಪರಭಾರೆ ಮಾಡಬಾರದೆಂಬ ಶರ್ತ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದನ್ನು 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತೆಯೇ ಇಲ್ಲ. ಅವರ ಭೂಮಿ ಕೈತಪ್ಪಿ ಹೋಗಬಾರದೆಂದೇ ಆ ಕಾಯ್ದೆ ಬಂದದ್ದು, "ಏನೂ ಆಗುವುದಿಲ್ಲ" ಎಂದು ಧೈರ್ಯ ಹೇಳುವ ಬ್ರೋಕರ್‌ನಿಂದ ದೂರ ಇರಿ.

ಊರಿನ ಬ್ರೋಕರ್‌ಗೆ ಪೇಟೆಯ ಆಫೀಸಿನವರಿಗಿಂತ ಹೆಚ್ಚಿನ ಬೆಲೆ ಬರುವುದು ಇಲ್ಲಿಯೇ. ಅಳಿಯಕಟ್ಟಿನ (ಆಸ್ತಿ ಹೆಣ್ಣಿನ ಸಂತತಿಯಲ್ಲಿ ಸಾಗುವ) ಕುಟುಂಬವಾದರೆ ಯಾವ ಕವರು, ಅಂದರೆ ಕವಲು, ಎಲ್ಲಿದೆ, ಮುಂಬಯಿಯಲ್ಲಿರುವ ಚಿಕ್ಕಮ್ಮ ಸಹಿಗೆ ಬರುತ್ತಾರೋ ಇಲ್ಲವೋ, ಕುವೈತಿನ ಅಣ್ಣನಿಗೂ ಊರಿನ ತಮ್ಮನಿಗೂ ಮಾತುಕತೆ ಉಂಟೋ ಇಲ್ಲವೋ ಅವರಿಗೆ ಗೊತ್ತು. ಹತ್ತಿರದ ಒಂದು ಗ್ರಾಮದ ಹಿರಿಯ ಬ್ರೋಕರ್ ಒಬ್ಬರು ನನ್ನಲ್ಲಿಗೆ ಬರುವಾಗ ಒಂದು ನೋಟ್‌ಬುಕ್ ತರುತ್ತಾರೆ. ಅದರಲ್ಲಿ ಮಾರುವ ಮನೆಯ ವಂಶವೃಕ್ಷ ಅವರ ಕೈಬರಹದಲ್ಲೇ ಇರುತ್ತದೆ, ಸಹಿ ಒಪ್ಪಿದವರ ಹೆಸರಿನ ಎದುರು ಟಿಕ್, ಬಾಕಿ ಇದ್ದವರ ಎದುರು ಊರು, ಫೋನ್ ನಂಬರ್. ಒಮ್ಮೆ ಬೆಂಗಳೂರಿನಿಂದ ಬಂದ ದಂಪತಿಯನ್ನು ಕರೆದುಕೊಂಡು ಬಂದವರು, ನಾನು ಕಾಗದ ಬಿಡಿಸುವ ಮೊದಲೇ ಹೇಳಿದರು: "ಸರ್, ಮೇಡಂ, ನೈಋತ್ಯ ಮೂಲೆಯಲ್ಲಿ ನಾಗಬನ ಉಂಟು. ನಾಗರಪಂಚಮಿಗೆ ಕುಟುಂಬದವರು ತನು ಎರೆಯಲಿಕ್ಕೆ ಬರ್ತಾರೆ. ಅವರಿಗೆ ದಾರಿ ಬಿಡಬೇಕು, ಗೇಟಿಗೆ ಬೀಗ ಹಾಕುವ ಹಾಗಿಲ್ಲ. ಒಪ್ಪಿಗೆ ಇದ್ದರೆ ಮಾತ್ರ ಮುಂದೆ ಹೋಗುವ." ಆ ದಂಪತಿ ಒಬ್ಬರ ಮುಖ ಒಬ್ಬರು ನೋಡಿದರು, ಹೊರಗೆ ಹೋಗಿ ಮಾತಾಡಿ ಬಂದು ಒಪ್ಪಿದರು. ಬನದ ಅಳತೆ, ದಾರಿಯ ಅಗಲ, ಕುಟುಂಬದವರ ಹಕ್ಕು ಎಲ್ಲವನ್ನೂ ಕ್ರಯಪತ್ರದಲ್ಲೇ ಬರೆದೆ. ಈಗ ಅಲ್ಲಿ ಮನೆ ಎದ್ದಿದೆ, ಪಂಚಮಿಯ ದಿನ ಬನಕ್ಕೆ ಬಂದವರಿಗೆ ಆ ಮನೆಯವರೇ ಕಾಫಿ ಕೊಡುತ್ತಾರೆ. ಇಂಥ ಬ್ರೋಕರ್ ಎಷ್ಟು ಕಮಿಷನ್ ಕೇಳಿದರೂ ಅದು ನ್ಯಾಯವಾದ ಹಣ.

ಕಮಿಷನ್ನಿನ ಮಾತು ಬಂತಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಕೊಳ್ಳುವವರಿಂದಲೂ ಮಾರುವವರಿಂದಲೂ ಶೇ. 1ರಿಂದ 2. ಚೌಕಾಸಿ ಮಾಡಿ, ತಪ್ಪಲ್ಲ. ಹುಷಾರಾಗಿರಬೇಕಾದದ್ದು ಮೇಲಿನ ಹಣದ ಬಗ್ಗೆ. ಯಜಮಾನರಿಗೆ "ಸೆಂಟ್ಸಿಗೆ ನಾಲ್ಕು ಲಕ್ಷ ಕೊಡಿಸ್ತೇನೆ" ಎಂದು ಹೇಳಿ, ನಿಮ್ಮ ಹತ್ತಿರ ನಾಲ್ಕೂವರೆ ಹೇಳಿ, ನಡುವಿನದನ್ನು ಜೇಬಿಗೆ ಹಾಕುವವರು ಇದ್ದಾರೆ. ಹತ್ತು ಸೆಂಟ್ಸಿಗೆ ಅದೇ ಐದು ಲಕ್ಷ. ಮಾರುವವರನ್ನು ಕೊನೆಯವರೆಗೂ ನಿಮಗೆ ಭೇಟಿ ಮಾಡಿಸದಿದ್ದರೆ ಇದೇ ಕಾರಣ ಇರಬಹುದು. ರೇಟು ಅಂತಿಮ ಮಾಡುವ ದಿನ ಯಜಮಾನರ ಮನೆಯಲ್ಲೇ ಕೂತು, ಅವರ ಬಾಯಿಂದಲೇ ರೇಟು ಕೇಳಿಸಿಕೊಳ್ಳಿ. ಒಂದೇ ಜಾಗಕ್ಕೆ ಮೂವರು ನಾಲ್ವರು ಬ್ರೋಕರ್‌ಗಳು ಸಾಲಾಗಿ ಸೇರಿಕೊಂಡಿದ್ದರೆ, ಕಮಿಷನ್ ಯಾರಿಗೆ, ಒಟ್ಟು ಎಷ್ಟು ಎಂದು ಅಂದೇ ತೀರ್ಮಾನವಾಗಲಿ. ನೋಂದಣಿಯ ದಿನ ಕಚೇರಿಯ ಮೆಟ್ಟಿಲ ಮೇಲೆ ಅವರೊಳಗೆ ಜಗಳ ಆಗಬಾರದು.

ಅಡ್ವಾನ್ಸನ್ನು ಬ್ರೋಕರ್‌ನ ಕೈಗೆ ಕೊಡಬೇಡಿ, ಟೋಕನ್ ಎಂದು ಸ್ವಲ್ಪವೇ ಆದರೂ ಬೇಡ. ಹಣ ಮಾರುವವರ ಖಾತೆಗೆ ಹೋಗಲಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಕ್ರಯಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ಕ್ಯಾಶ್ ಕೊಡುವ ಎನ್ನುವವರು ನಿಮ್ಮ ಮುದ್ರಾಂಕ ಶುಲ್ಕ ಸ್ವಲ್ಪ ಉಳಿಸಿ ದೊಡ್ಡ ತೊಂದರೆಗೆ ಸಿಲುಕಿಸುತ್ತಾರೆ. ಖರ್ಚಿನ ಲೆಕ್ಕವನ್ನೂ ಅವರಿಂದಲೇ ಹಾಕಿಸಿ ನೋಡಿ. ಮುದ್ರಾಂಕ ಶೇ. 5, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2, ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿಗೆ ಇನ್ನೂ ಶೇ. 1 ಎನ್ನುತ್ತಿದ್ದರೆ ಅವರು ಈಚೆಗೆ ವ್ಯವಹಾರ ಮಾಡಿಸಿಲ್ಲ. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲೇ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು. ಮಾರುವವರು ಗಲ್ಫಿನಲ್ಲಿರುವ ಅನಿವಾಸಿಯಾದರೆ ಆ ಮಿತಿಯೂ ಇಲ್ಲ, ಆ ದರವೂ ಅಲ್ಲ, ಹೆಚ್ಚು ಹಿಡಿಯಬೇಕು. ಹಿಡಿಯದಿದ್ದರೆ ನೋಟಿಸು ಬರುವುದು ಕೊಂಡವರಿಗೆ. ನಮ್ಮ ಕರಾವಳಿಯಲ್ಲಿ ಇದು ತೀರಾ ಸಾಮಾನ್ಯ ಸಂದರ್ಭ, ಬ್ರೋಕರ್‌ಗೆ ಗೊತ್ತಿರಲೇಬೇಕು.

ಬಿಲ್ಡರ್‌ನ ಹೊಸ ಲೇಔಟ್ ಸೈಟೋ ಫ್ಲಾಟೋ ಕೊಡಿಸುವವರಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ. 2016ರ ಕಾಯ್ದೆಯ ಪ್ರಕಾರ ರೇರಾಕ್ಕೆ ಒಳಪಡುವ ಯೋಜನೆಯಲ್ಲಿ ವ್ಯವಹಾರ ಮಾಡಿಸುವ ಏಜೆಂಟರೂ ನೋಂದಾಯಿಸಿಕೊಂಡಿರಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಹೆಸರು ಹಾಕಿದರೆ ಸಿಗುತ್ತದೆ. ಊರಿನ ಹಳೆಯ ಜಾಗ, ಹಳೆಯ ಮನೆ ಮಾರಿಸುವವರಿಗೆ ಇದು ಅನ್ವಯಿಸುವುದಿಲ್ಲ, ಅಲ್ಲಿ ಊರಿನವರ ಮಾತೇ ಗತಿ.

ಮಾರುವವರಿಗೂ ಎರಡು ಮಾತು, ಅದರಲ್ಲೂ ಹೊರದೇಶದಲ್ಲಿರುವವರಿಗೆ. ಮೂಲ ದಾಖಲೆ ಬ್ರೋಕರ್‌ಗೆ ಕೊಡಬೇಡಿ, ಜೆರಾಕ್ಸ್ ಸಾಕು. ಓಡಾಟದ ತೊಂದರೆಗೆ ಅಂಜಿ ಅವರ ಹೆಸರಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಡಲೇಬೇಡಿ. ಕೊಡಬೇಕಾಗಿ ಬಂದರೆ ಮನೆಯವರೊಬ್ಬರಿಗೆ, ಆ ಒಂದು ಜಾಗಕ್ಕೆ, ಆ ಒಂದು ಕೆಲಸಕ್ಕೆ ಮಾತ್ರ ಕೊಡಿ. ಕೊಳ್ಳುವವರೂ ನೆನಪಿಡಿ: ಬರೀ ಜಿಪಿಎ ಮೇಲೆ ಜಾಗದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ವಕೀಲರ ಹತ್ತಿರ ಕಾಗದ ತೋರಿಸುತ್ತೇನೆ ಎಂದಾಗ ಬ್ರೋಕರ್ ಏನನ್ನುತ್ತಾರೆ ಎಂಬುದನ್ನೂ ಗಮನಿಸಿ. "ನಮ್ಮದೇ ವಕೀಲರಿದ್ದಾರೆ" ಎಂದರೆ ಆಗಲಿ ಎನ್ನಿ, ಆದರೆ ನಿಮ್ಮ ಆಯ್ಕೆಯ ಇನ್ನೊಬ್ಬರಿಗೂ ತೋರಿಸಿ. "ನಾಳೆಯೇ ಇನ್ನೊಂದು ಪಾರ್ಟಿ ಅಡ್ವಾನ್ಸ್ ಕೊಡ್ತದೆ" ಎಂದು ಅವಸರ ಮಾಡಿದರೆ ಆ ಜಾಗ ಆ ಪಾರ್ಟಿಗೇ ಹೋಗಲಿ.

ಕಮಿಷನ್ ಯಾವಾಗ ಕೊಡುವುದೆಂದೂ ಮೊದಲ ದಿನವೇ ಮಾತಾಡಿ. ಅಗ್ರಿಮೆಂಟ್ ದಿನ ಸ್ವಲ್ಪ, ನೋಂದಣಿ ಆದ ಕೂಡಲೇ ಹೆಚ್ಚಿನ ಪಾಲು, ಉಳಿದದ್ದು ಜಾಗದ ಖಾತೆ ನಿಮ್ಮ ಹೆಸರಿಗೆ ಆಗಿ ಕೈಗೆ ಬಂದ ಮೇಲೆ. ಎಲ್ಲವೂ ಬ್ಯಾಂಕ್ ಮೂಲಕ, ರಶೀದಿಯೊಂದಿಗೆ. ಹೀಗೆ ಒಪ್ಪುವ ಬ್ರೋಕರ್‌ಗಳು ಅಲೆವೂರಿನಲ್ಲೂ ಇದ್ದಾರೆ, ಹೆರ್ಗದಲ್ಲೂ ಇದ್ದಾರೆ. ಉಳಿದ ಪಾಲನ್ನು ಹೇಳಿದ ದಿನವೇ, ಅವರು ಫೋನ್ ಮಾಡುವ ಮೊದಲೇ ಕೊಟ್ಟುಬಿಡಿ.