ಪೈ ಟೌನ್ 1940: ಹಳೇ ಫೋಟೋಗಳನ್ನು ನಾನು ಓದುವ ಬಗೆ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕ್ಯಾಟ್ರನ್ ಕೌಂಟಿ ವಿಸ್ತೀರ್ಣದಲ್ಲಿ ಆ ರಾಜ್ಯಕ್ಕೇ ದೊಡ್ಡದು. ಜನಸಂಖ್ಯೆ ಮಾತ್ರ 1940ರಲ್ಲೂ ಐದು ಸಾವಿರ ಮುಟ್ಟಿರಲಿಲ್ಲ. ಅದರ ಉತ್ತರ ಭಾಗದಲ್ಲಿ, ಹೆದ್ದಾರಿ 60ರ ಮೇಲೆ, ಸುಮಾರು 2,370 ಮೀಟರ್ ಎತ್ತರದಲ್ಲಿರುವ ಸಣ್ಣ ಊರು ಪೈ ಟೌನ್. ಟೆಕ್ಸಾಸ್, ಒಕ್ಲಹೋಮಾ ಕಡೆಯಿಂದ ಬರಕ್ಕೆ ಬೇಸತ್ತು ಬಂದವರು ಇಲ್ಲಿ ಹೋಮ್‌ಸ್ಟೆಡ್ ಜಮೀನು (ವಾಸವಿದ್ದು ಸಾಗುವಳಿ ಮಾಡಿದವರಿಗೆ ಸರ್ಕಾರ ಕೊಡುತ್ತಿದ್ದ ನೆಲ) ಹಿಡಿದು ಪಿಂಟೊ ಬೀನ್ಸ್, ಜೋಳ ಬೆಳೆಯುತ್ತಿದ್ದರು. ಬಡ ರೈತರಿಗೆ ನೆರವಾಗುತ್ತಿದ್ದ ಸರ್ಕಾರಿ ಸಂಸ್ಥೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ (ಎಫ್‌ಎಸ್‌ಎ) ಪರವಾಗಿ ಛಾಯಾಗ್ರಾಹಕ ರಸೆಲ್ ಲೀ 1940ರಲ್ಲಿ ಇಲ್ಲಿ ಸುಮಾರು 600 ಚಿತ್ರ ತೆಗೆದ. ಎಲ್ಲವೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಒಂದು ಹಳ್ಳಿಯ ದಿನನಿತ್ಯದ ಬದುಕು ಒಂದೇ ವರ್ಷದಲ್ಲಿ ಇಷ್ಟು ದಟ್ಟವಾಗಿ ದಾಖಲಾಗಿರುವುದು ಅಪರೂಪ.

ಹೆಚ್ಚಿನವರು ಆ ಲೈಬ್ರರಿಯ ಜಾಲತಾಣದಲ್ಲಿ ಊರಿನ ಹೆಸರು ಟೈಪ್ ಮಾಡಿ, ಚೆನ್ನಾಗಿ ಕಂಡ ಹತ್ತು ಚಿತ್ರ ಇಳಿಸಿಕೊಂಡು ಅಲ್ಲಿಗೆ ಮುಗಿಸುತ್ತಾರೆ. ನಾನು ಶುರುಮಾಡುವುದು ನೆಗೆಟಿವ್ ಸಂಖ್ಯೆಯಿಂದ. ಎಲ್‌ಸಿ-ಯುಎಸ್‌ಎಫ್34 ಎಂದಿದ್ದರೆ ದೊಡ್ಡ ಶೀಟ್ ಫಿಲ್ಮ್, ಚಿತ್ರಕ್ಕೊಂದು ಬಿಡಿ ಹಾಳೆ. ಕೊನೆಯಲ್ಲಿ ಡಿ ಅಕ್ಷರ ಇದ್ದರೆ ಮೂರೂಕಾಲು ಇಂಟು ನಾಲ್ಕೂಕಾಲು ಇಂಚಿನದು. ಯುಎಸ್‌ಎಫ್33 ಎಂದರೆ 35 ಎಂಎಂ ಕಪ್ಪುಬಿಳುಪು. ಅದರ ಕೊನೆಯ ಎಂ1ರಿಂದ ಎಂ5ರವರೆಗಿನ ಗುರುತು ಆ ಫಿಲ್ಮ್ ತುಂಡಿನಲ್ಲಿ ಎಷ್ಟನೇ ಫ್ರೇಮ್ ಎನ್ನುವುದನ್ನು ಹೇಳುತ್ತದೆ. ಯುಎಸ್‌ಎಫ್35 ಎಂದರೆ ಬಣ್ಣದ್ದು, ಕೊಡಾಕ್ರೋಮ್. ಎಫ್‌ಎಸ್‌ಎ ಮತ್ತು ಅದರ ಕೆಲಸ ಮುಂದುವರಿಸಿದ ಯುದ್ಧ ಮಾಹಿತಿ ಕಚೇರಿ ಎರಡರ ಇಡೀ ಸಂಗ್ರಹದಲ್ಲಿ ಬಣ್ಣದವು 1,600ರ ಆಸುಪಾಸು ಮಾತ್ರ. ಪೈ ಟೌನಿನವು ಅದರಲ್ಲೊಂದು ಒಳ್ಳೆಯ ಗೊಂಚಲು.

ಪ್ರತಿ ಚಿತ್ರದ ಪುಟದಲ್ಲಿ ಅಕ್ಕಪಕ್ಕದ ಸಂಖ್ಯೆಗಳನ್ನು ನೋಡುವ ಕೊಂಡಿ ಇರುತ್ತದೆ. ನನ್ನ ಕೆಲಸದ ಮುಕ್ಕಾಲು ಪಾಲು ನಡೆಯುವುದು ಅಲ್ಲೇ. ಶೀರ್ಷಿಕೆ ಇಲ್ಲದ ಚಿತ್ರಗಳು ಊರ ಹೆಸರಿನ ಹುಡುಕಾಟಕ್ಕೆ ಸರಿಯಾಗಿ ಸಿಗುವುದಿಲ್ಲ. ಅವುಗಳಿಗೆ ‘ಇಂಥ ಚಿತ್ರಕ್ಕೆ ಸಂಬಂಧಿಸಿದ್ದಿರಬಹುದು’ ಎಂಬ ಊಹೆಯ ತಲೆಬರಹ ಹಚ್ಚಿರುತ್ತಾರೆ, ಅದೂ ಪಕ್ಕದ ಸಂಖ್ಯೆಯಿಂದಲೇ ಎರವಲು. ಕೆಲವು ನೆಗೆಟಿವ್‌ಗಳ ಮಧ್ಯದಲ್ಲಿ ದುಂಡಗಿನ ತೂತು ಕಾಣುತ್ತದೆ. ಎಫ್‌ಎಸ್‌ಎಯ ಛಾಯಾಚಿತ್ರ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ಬೇಡವೆಂದವಕ್ಕೆ ಪಂಚ್ ಹೊಡೆಸುತ್ತಿದ್ದ; ಹಿಂದಿನ ವರ್ಷಗಳ 35 ಎಂಎಂ ಫಿಲ್ಮಿನಲ್ಲಿ ಇದು ಜಾಸ್ತಿ. ತೂತು ಬಿದ್ದದ್ದನ್ನು ಬಿಸಾಡಬೇಡಿ. ಅಂದವಾಗಿ ಬಾರದ ಚಿತ್ರದಲ್ಲೇ ಅಂಗಳದ ಕಸ, ಬೇಲಿಯ ಮೇಲೆ ಒಣಗಲು ಹಾಕಿದ ಬಟ್ಟೆ, ಅರ್ಧಕ್ಕೆ ಬಿಟ್ಟ ಕೆಲಸ ಸಿಗುತ್ತವೆ.

ಒಂದು ಎಚ್ಚರಿಕೆ. ಫಿಲ್ಮ್ ವಾಷಿಂಗ್ಟನ್‌ಗೆ ಹೋದ ಮೇಲೆ ಬಿದ್ದ ಸಂಖ್ಯೆ ಅದು. ಹಾಗಾಗಿ 36,701 ಆದ ಮೇಲೆ 36,702 ತೆಗೆದರು ಎಂದು ಹೇಳಲಾಗುವುದಿಲ್ಲ. ಕ್ರಮ ಬೇಕಾದರೆ ಒಂದೇ ತುಂಡಿನ ಎಂ1ರಿಂದ ಎಂ5 ನಂಬಬಹುದು. ಶೀಟ್ ಫಿಲ್ಮ್ ಆದರೆ ನೆರಳನ್ನೇ ನೋಡಬೇಕು. ಕಂಬದ ನೆರಳು ಗಿಡ್ಡವಾಗಿ ಬಿದ್ದಿದ್ದರೆ ನಡುಹಗಲು. ಒಂದೇ ಕಂಬ ಎರಡು ಚಿತ್ರದಲ್ಲಿ ಸಿಕ್ಕರೆ ಯಾವುದು ಮೊದಲು ಎನ್ನುವುದನ್ನು ಗೊತ್ತುಮಾಡಬಹುದು, ದಿಕ್ಕು ತಿಳಿದಿದ್ದರೆ.

ಇಳಿಸುವಾಗ ಟಿಫ್ ಕಡತವೇ ಬೇಕು. ಜೆಪೆಗ್‌ನಲ್ಲಿ ಕತ್ತಲ ಭಾಗ ಕೆಸರಾಗುತ್ತದೆ, ನಮಗೆ ಬೇಕಾದದ್ದು ಇರುವುದು ಆ ಕತ್ತಲಲ್ಲೇ. ತೆರೆದ ಮೇಲೆ ಮೂಲವನ್ನು ಮುಟ್ಟದೆ ಒಂದು ಪ್ರತಿ ಮಾಡಿಕೊಂಡು, ಚಿತ್ರ ತಿದ್ದುವ ತಂತ್ರಾಂಶದ ಕರ್ವ್‌ನಲ್ಲಿ ಕತ್ತಲ ಭಾಗವನ್ನಷ್ಟೇ ಬೆಳಗಿಸುತ್ತೇನೆ. ಶಾರ್ಪನ್ ಮಾಡುವುದಿಲ್ಲ, ಫಿಲ್ಮಿನ ಕಾಳು ಅಕ್ಷರದಂತೆ ಕಾಣತೊಡಗಿ, ಇಲ್ಲದ್ದನ್ನು ಓದುವ ಹಾಗಾಗುತ್ತದೆ. ಮೊದಲು ಚಿತ್ರ ಎಡಬಲ ತಿರುಗುಮುರುಗಾಗಿದೆಯೇ ಎಂದು ಪರೀಕ್ಷೆ: ಬೋರ್ಡಿನ ಅಕ್ಷರ, ಅದಿಲ್ಲದಿದ್ದರೆ ಗಂಡಸರ ಅಂಗಿಯ ಗುಂಡಿ. ಗುಂಡಿ ತೊಟ್ಟವನ ಬಲಗಡೆ ಇರಬೇಕು. ಆಮೇಲೆ 100 ಪರ್ಸೆಂಟ್ ಹಿಗ್ಗಿಸಿ, ಹೊಲ ಉಳುವಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲುಸಾಲಾಗಿ ನೋಡುವುದು. ಮುಖವನ್ನು ಕೊನೆಗೆ ಬಿಡಿ. ಮುಖ ನೋಡಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ.

ಡಗೌಟ್ ಮನೆಯ ಒಂದು ಬಣ್ಣದ ಚಿತ್ರವನ್ನೇ ತೆಗೆದುಕೊಳ್ಳಿ. ಅರ್ಧ ನೆಲದೊಳಗೆ ಅಗೆದು, ಮೇಲೆ ದಿಮ್ಮಿ ಜೋಡಿಸಿ ಮಣ್ಣು ಹಾಕಿದ ಮನೆ ಅದು. ಗಂಡ, ಹೆಂಡತಿ, ಮಡಿಲಲ್ಲಿ ಮಗು. ನೆಲ ಬರೀ ಮಣ್ಣು. ಕಿಟಕಿಯ ಗಾಜು ಕಟ್ಟಡದ ಕಿಟಕಿಯದಲ್ಲ: ಈ ಸಂಸಾರವನ್ನು ನ್ಯೂ ಮೆಕ್ಸಿಕೊಗೆ ಹೊತ್ತು ತಂದು ಸವೆದುಹೋದ ಕಾರಿನ ಮುಂಗಾಜು ಎಂದು ಅಡಿಬರಹವೇ ಹೇಳುತ್ತದೆ. ಅಡಿಬರಹ ಇಲ್ಲದಿದ್ದರೆ ನಾನದನ್ನು ಗಾಜು ಎಂದಷ್ಟೇ ಬರೆದುಕೊಳ್ಳುತ್ತಿದ್ದೆ. ಲೀಯ ಅಡಿಬರಹಗಳು ಉದ್ದ, ಬಹುಪಾಲು ನೆಚ್ಚಬಹುದಾದವು. ಜೊತೆಗಿದ್ದ ಹೆಂಡತಿ ಜೀನ್ ಆ ಟಿಪ್ಪಣಿಗಳಿಗೆ ತುಂಬಾ ದುಡಿದಿದ್ದಾಳೆ. ಹಾಗಿದ್ದರೂ ಅಡಿಬರಹ ಹೇಳಿದ್ದು ಮತ್ತು ಚಿತ್ರದಲ್ಲಿ ಕಂಡದ್ದು ಇವೆರಡಕ್ಕೆ ಬೇರೆಬೇರೆ ಕಾಲಂ ಇಡುತ್ತೇನೆ. ಎರಡೂ ಕಲೆಸಿಹೋದರೆ ಮುಂದೆ ಬಿಡಿಸಲು ಆಗುವುದಿಲ್ಲ.

ಒಳಾಂಗಣದ ಚಿತ್ರಗಳಲ್ಲಿ ಜನ ಸಾಮಾನ್ಯವಾಗಿ ಎಡವುವುದು ಬೆಳಕಿನ ವಿಷಯದಲ್ಲಿ. ಲೀ ಫ್ಲ್ಯಾಶ್ ಬಲ್ಬ್ ಧಾರಾಳವಾಗಿ ಬಳಸುತ್ತಿದ್ದ. ಅದರಿಂದ ಮೂಲೆಯ ಡಬ್ಬದ ಲೇಬಲ್ ಕೂಡ ಓದಲು ಬರುತ್ತದೆ, ನಮ್ಮ ಪುಣ್ಯ. ಆದರೆ ಆ ಮನೆಯವರು ಆ ಬೆಳಕಿನಲ್ಲಿ ಎಂದೂ ಊಟ ಮಾಡಿದವರಲ್ಲ. ಜನರ ಬೆನ್ನ ಹಿಂದೆ ಗೋಡೆಯ ಮೇಲೆ ಚೂಪಾದ ಕಪ್ಪು ನೆರಳಿದ್ದರೆ ಅದು ಫ್ಲ್ಯಾಶ್. ಮೇಜಿನ ಮೇಲಿನ ಸೀಮೆಎಣ್ಣೆ ದೀಪವೇ ಅಲ್ಲಿನ ನಿಜವಾದ ಬೆಳಕು. ರೇಡಿಯೋ ಕಂಡರೆ ಕರೆಂಟ್ ಇತ್ತು ಎಂದು ಬರೆಯಬೇಡಿ. ಮೇಜಿನ ಕೆಳಗೆ ಬ್ಯಾಟರಿ, ಹೊರಗಿನ ಚಿತ್ರದಲ್ಲಿ ಏರಿಯಲ್ ತಂತಿ ಹುಡುಕಿ. ಆ ಕಾಲದ ಹಳ್ಳಿ ರೇಡಿಯೋ ಬ್ಯಾಟರಿಯಿಂದ ಓಡುತ್ತಿದ್ದದ್ದೇ ಹೆಚ್ಚು.

ತಾರೀಕಿನ ವಿಷಯ. ಕಪ್ಪುಬಿಳುಪಿನವು ಹೆಚ್ಚಾಗಿ ಜೂನ್ 1940 ಎಂದೂ, ಬಣ್ಣದವು ಸೆಪ್ಟೆಂಬರ್ ಅಥವಾ ಅಕ್ಟೋಬರ್ ಎಂದೂ ದಾಖಲಾಗಿವೆ. ಇದನ್ನು ಹೊಲದಿಂದಲೇ ತಾಳೆ ನೋಡಬಹುದು. ಜೂನ್‌ನಲ್ಲಿ ಬೀನ್ಸ್ ಇನ್ನೂ ಎಳೆ ಸಾಲು, ಜೋಳ ಮೊಣಕಾಲೂ ಮುಟ್ಟಿರುವುದಿಲ್ಲ. ಬಣ್ಣದ ಚಿತ್ರಗಳಲ್ಲಿ ಜೋಳದ ಕೊಯ್ಲು, ಊರ ಜಾತ್ರೆಯಂಥ ಫೇರ್, ಬಾರ್ಬೆಕ್ಯೂ ಊಟ, ಪಿಂಟೊ ಬೀನ್ಸ್ ಬಡಿಸುವುದು ಕಾಣುತ್ತದೆ. ಒಂದೇ ಸಂಸಾರ ಎರಡೂ ಕಡೆ ಇದ್ದರೆ ನಾಲ್ಕು ತಿಂಗಳಲ್ಲಿ ಏನು ಬೆಳೆಯಿತು, ಮನೆಗೆ ಏನು ಸೇರಿತು ಎಂದು ಹೋಲಿಸಲು ಸಾಧ್ಯ. ಕಾರಿನ ನಂಬರ್ ಪ್ಲೇಟೂ ನೆರವಿಗೆ ಬರುತ್ತದೆ: ನ್ಯೂ ಮೆಕ್ಸಿಕೊದ 1940ರ ಪ್ಲೇಟಿನಲ್ಲಿ ಸ್ಪೇನಿನ ಅನ್ವೇಷಕ ಕೊರೊನಾಡೊ ಬಂದು ನಾನೂರು ವರ್ಷವಾದ ನೆನಪಿಗೆ 1540-1940 ಎಂದಿದೆ. ಹೊರರಾಜ್ಯದ ಪ್ಲೇಟ್ ಕಂಡರೆ ಹೊಸದಾಗಿ ಬಂದವರೋ ನೆಂಟರೋ ಎಂದು ಗುರುತು ಹಾಕಿಕೊಳ್ಳಿ, ಅಲ್ಲೇ ತೀರ್ಮಾನಿಸಬೇಡಿ.

ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆ, ಕ್ಯಾಲೆಂಡರ್ ಇವು ಹೇಳುವುದು ‘ಇದಕ್ಕಿಂತ ಮೊದಲಲ್ಲ’ ಎಂದಷ್ಟೇ. ಚೆಂದದ ಚಿತ್ರವಿದ್ದರೆ ಹಳೇ ಕ್ಯಾಲೆಂಡರನ್ನು ಯಾರೂ ಕೀಳುವುದಿಲ್ಲ.

ಚಿತ್ರದ ಕೆಲಸ ಮುಗಿದ ಮೇಲೆ ಕಾಗದದ್ದು. 1940ರ ಜನಗಣತಿ ಹಾಳೆಗಳನ್ನು ನ್ಯಾಷನಲ್ ಆರ್ಕೈವ್ಸ್ 72 ವರ್ಷದ ಗಡುವು ಮುಗಿದು 2012ರ ಏಪ್ರಿಲ್ 2ರಂದು ತೆರೆಯಿತು. ಈ ಊರಿನ ಮಟ್ಟಿಗೆ ಅದರಲ್ಲಿ ಬಂಗಾರದಂಥ ಕಾಲಂಗಳೆಂದರೆ 17ರಿಂದ 20: ಏಪ್ರಿಲ್ 1, 1935ರಂದು ಎಲ್ಲಿದ್ದಿರಿ, ಯಾವ ಕೌಂಟಿ, ಯಾವ ರಾಜ್ಯ, ಜಮೀನಿನ ಮೇಲೆಯೇ ಇದ್ದಿರಾ. ವಲಸೆಯ ದಾರಿ ಒಂದೇ ಸಾಲಿನಲ್ಲಿ ಸಿಗುತ್ತದೆ. ಹೆಸರಿನಿಂದ ಹುಡುಕಿದರೆ ಕೈಬರಹ ತಪ್ಪಾಗಿ ಓದಿದ್ದಕ್ಕೆ ಸಿಗದೇ ಹೋಗುವುದುಂಟು. ಎಣಿಕೆ ಜಿಲ್ಲೆಯ (ಒಬ್ಬ ಗಣತಿದಾರನಿಗೆ ಹಂಚಿದ ಪ್ರದೇಶ) ನಕ್ಷೆ ನೋಡಿ, ಆ ಜಿಲ್ಲೆಯ ಹಾಳೆಗಳನ್ನೇ ಸಾಲಾಗಿ ಓದುವುದು ಒಳ್ಳೆಯದು. ಊರು ಸಣ್ಣದು, ಹೊತ್ತೇನೂ ಹಿಡಿಯುವುದಿಲ್ಲ. ಗಣತಿ ಏಪ್ರಿಲ್‌ನದು, ಚಿತ್ರ ಜೂನಿನದು. ನಡುವೆ ಬಂದವರು ಹಾಳೆಯಲ್ಲಿ ಇರುವುದಿಲ್ಲ.

ಜಮೀನಿಗೆ ಸರ್ಕಾರಿ ನೆಲ ಹಂಚುತ್ತಿದ್ದ ಜನರಲ್ ಲ್ಯಾಂಡ್ ಆಫೀಸಿನ ಪೇಟೆಂಟ್‌ಗಳಿವೆ, ಅಂದರೆ ಸರ್ಕಾರ ಕೊಟ್ಟ ಹಕ್ಕುಪತ್ರ. ಸ್ಕ್ಯಾನ್ ಆದ ಪ್ರತಿಗಳನ್ನು ಉಚಿತವಾಗಿ ನೋಡಬಹುದು. ಇಲ್ಲೊಂದು ಗೊಂದಲ: ಪೇಟೆಂಟಿನ ತಾರೀಕು ಜನ ಅಲ್ಲಿಗೆ ಬಂದ ತಾರೀಕಲ್ಲ. 1912ರ ಕಾನೂನಿನ ಪ್ರಕಾರ ಮೂರು ವರ್ಷ ವಾಸವಿದ್ದು ರುಜುವಾತು ಕೊಟ್ಟ ಮೇಲೆ ಹಕ್ಕುಪತ್ರ. 1940ರಲ್ಲಿ ಹೊಸದಾಗಿ ನೆಲೆನಿಂತವರದ್ದು 1943ರ ನಂತರ ಹುಡುಕಬೇಕು. 640 ಎಕರೆಯಷ್ಟು ದೊಡ್ಡ ಹಿಡುವಳಿ ಕಂಡು ಗಾಬರಿಯಾಗಬೇಡಿ. ದನ ಮೇಯಿಸುವ ಒಣ ನೆಲಕ್ಕೆ 1916ರ ಕಾನೂನು ಅಷ್ಟು ಕೊಡುತ್ತಿತ್ತು, ಖನಿಜದ ಹಕ್ಕು ಮಾತ್ರ ಸರ್ಕಾರದ್ದೇ. ಪೇಟೆಂಟ್‌ಗಿಂತ ರುಚಿಯಾದದ್ದು ಅದರ ಹಿಂದಿನ ಕೇಸ್ ಫೈಲ್. ಮನೆಯ ಅಳತೆ, ಯಾವ ವರ್ಷ ಎಷ್ಟು ಎಕರೆ ಉತ್ತರು, ಎಷ್ಟು ತಿಂಗಳು ಕೂಲಿಗೆಂದು ಹೊರಗಿದ್ದರು, ನೆರೆಯವರ ಸಾಕ್ಷಿ ಎಲ್ಲ ಅದರಲ್ಲಿರುತ್ತದೆ. ತರಿಸಲು ಲ್ಯಾಂಡ್ ಆಫೀಸಿನ ಹೆಸರು, ಸೀರಿಯಲ್ ನಂಬರ್ ಎರಡೂ ಬೇಕು.

ಚಿತ್ರದಲ್ಲಿ ಇಲ್ಲದ್ದನ್ನೂ ಪಟ್ಟಿ ಮಾಡುತ್ತೇನೆ. ಕ್ಯಾಟ್ರನ್ ಕೌಂಟಿಯಲ್ಲಿ ಸ್ಪ್ಯಾನಿಷ್ ಮಾತಾಡುವ ಹಳೇ ಹಳ್ಳಿಗಳಿದ್ದವು, ದೊಡ್ಡ ದನದ ರಾಂಚ್‌ಗಳಿದ್ದವು. ಪೈ ಟೌನ್ ಸರಣಿಯಲ್ಲಿ ಅವು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಲೀಗೆ ಬೇಕಾಗಿದ್ದದ್ದು ಗಡಿನಾಡಿನ ಧೈರ್ಯವಂತ ಬೇಸಾಯಗಾರರ ಊರು, ಅದನ್ನೇ 1941ರಲ್ಲಿ ಯು.ಎಸ್. ಕ್ಯಾಮೆರಾ ಪತ್ರಿಕೆಯಲ್ಲೂ ಹಾಗೆಯೇ ಪ್ರಕಟಿಸಿದ. ಕುಣಿತ, ಹಾಡು, ಸಾಮೂಹಿಕ ಊಟದ ಚಿತ್ರ ಧಾರಾಳ. ಜಗಳ, ಕಾಯಿಲೆ, ಸಾಲ ಕೇಳಲು ಹೋದದ್ದು ಇವಕ್ಕೆ ಕ್ಯಾಮೆರಾ ಅಷ್ಟಾಗಿ ತಿರುಗಿಲ್ಲ. ಆದ್ದರಿಂದ ‘ಊರಲ್ಲಿ ಇಷ್ಟು ಜನ ಕುಣಿಯುತ್ತಿದ್ದರು’ ಎಂಬ ಎಣಿಕೆಗೆ ಈ ಸಂಗ್ರಹ ಆಗಿಬರುವುದಿಲ್ಲ, ಕುಣಿಯುವಾಗ ಯಾವ ಬೂಟು ಹಾಕುತ್ತಿದ್ದರು ಎಂಬುದಕ್ಕೆ ಆಗುತ್ತದೆ.

ಕಡತದ ಹೆಸರಿಗೆ ಪೂರ್ತಿ ನೆಗೆಟಿವ್ ಸಂಖ್ಯೆಯನ್ನೇ ಇಡಿ. ‘ಡಗೌಟ್-2’ ಅಂತ ಇಟ್ಟದ್ದನ್ನು ಮತ್ತೆ ಹುಡುಕಿ ತೆಗೆಯುವುದು ಕಷ್ಟ. ಸರ್ಕಾರಿ ಕೆಲಸಕ್ಕೆ ತೆಗೆದವಾದ್ದರಿಂದ ಹಕ್ಕುಸ್ವಾಮ್ಯದ ತೊಡಕಿಲ್ಲ, ಆದರೂ ಛಾಯಾಗ್ರಾಹಕ, ಸಂಗ್ರಹ, ಸಂಖ್ಯೆ ಈ ಮೂರನ್ನೂ ಚಿತ್ರದ ಕೆಳಗೆ ಹಾಕಿ, ಮುಂದಿನವರು ಅದೇ ನೆಗೆಟಿವ್‌ಗೆ ನೇರ ಹೋಗಲಿ. ಬಣ್ಣ ಹಚ್ಚಿದ ಪ್ರತಿಗಳು ಅಂತರ್ಜಾಲದಲ್ಲಿ ಬೇಕಾದಷ್ಟು ತಿರುಗುತ್ತಿವೆ. ಸಂಖ್ಯೆ ಯುಎಸ್‌ಎಫ್34 ಎಂದಿದ್ದು ಚಿತ್ರ ಬಣ್ಣದಲ್ಲಿದ್ದರೆ, ಆ ಬಣ್ಣ 1940ರದ್ದಲ್ಲ.